ಅಣ್ಣನಿಗೆ ನೆನಪಿಲ್ಲದ ಬೆಳಗ್ಗೆ

"ನಾನು ಯಾವಾಗ ಬಂದೆ?"

ಅಣ್ಣ ಮೊದಲ ಸಲ ಇದನ್ನು ಕೇಳಿದಾಗ ತಮಾಷೆ ಮಾಡ್ತಿದ್ದಾನೆ ಅಂದುಕೊಂಡೆ. ಅವನು ಬಂದಿದ್ದು ಹಿಂದಿನ ರಾತ್ರಿ. ಬೆಳಗ್ಗೆಯಿಂದ ಇಬ್ಬರೂ ಕೂತು ಅಪ್ಪನ ಹಳೆ ಕಾಗದ ಪತ್ರ ವಿಂಗಡಿಸುತ್ತಿದ್ದೆವು. ಆಗಷ್ಟೇ ಅಟ್ಟದಿಂದ ಕಬ್ಬಿಣದ ಟ್ರಂಕನ್ನು ಒಬ್ಬನೇ ಇಳಿಸಿ, ಏದುಸಿರು ಬಿಡುತ್ತಾ ಗೋಡೆಗೆ ಒರಗಿದ್ದ.

"ರಾತ್ರಿ ಬಂದೆಯಲ್ಲಣ್ಣ" ಅಂದೆ.

"ಹೌದಾ!" ಅಂದ. ಎರಡು ನಿಮಿಷ ಸುಮ್ಮನಿದ್ದ. ಆಮೇಲೆ ಟ್ರಂಕ್ ಕಡೆ ನೋಡಿ, "ಇದನ್ನು ಯಾರು ಇಳಿಸಿದ್ದು? ಪುಟ್ಟಿ, ನಾನು ಯಾವಾಗ ಬಂದೆ?" ಅಂದ.

ಅದೇ ಧಾಟಿ, ಅದೇ ಹುಬ್ಬುಗಂಟು. ನನ್ನ ಕೈಕಾಲು ತಣ್ಣಗಾದವು.

ವಿಚಿತ್ರ ಅಂದರೆ, ಆ ದಿನಗಳಲ್ಲಿ ನಾನು ಒಂದು ಕ್ರೈಂ ಕಾದಂಬರಿ ಬರೆಯುತ್ತಿದ್ದೆ. ನಾಯಕನ ತಲೆಗೆ ಏಟು ಬೀಳುತ್ತದೆ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಅವನಿಗೆ ತನ್ನ ಹೆಸರೇ ಗೊತ್ತಿಲ್ಲ. ಯಾರನ್ನೋ ಕೊಲ್ಲಬೇಕು ಅನ್ನೋದು ಮಾತ್ರ ಗೊತ್ತು. 112 ಪುಟ ಆಗಿತ್ತು. ಈ ಜಾತಿಯ ಕಥೆಗಳನ್ನು ಓದಿ ಓದಿ, ನೆನಪು ಹೋಗೋದು ಅಂದರೆ ಏನು ಅಂತ ನನಗೆ ಚೆನ್ನಾಗಿ ಗೊತ್ತಿದೆ ಅಂದುಕೊಂಡಿದ್ದೆ.

ಇನ್ನೊಂದು ವಿಷಯ ಹೇಳಿಬಿಡಬೇಕು. ಟ್ರಂಕ್ ಇಳಿಸುವ ಅರ್ಧ ಗಂಟೆ ಮೊದಲು ನಮ್ಮಿಬ್ಬರಿಗೂ ಮಾತು ಬೆಳೆದಿತ್ತು. ಯಾವುದೋ ರಸೀದಿ ತಿರುವಿ ಹಾಕುತ್ತಾ ಅಣ್ಣ, "ಅಪ್ಪ ಮಲಗಿದ್ದ ಮೂರು ತಿಂಗಳು ನೀನು ಫೋನಿನಲ್ಲಿ ಬಿಟ್ಟು ಬೇರೆ ಎಲ್ಲಿದ್ದೆ?" ಅಂದುಬಿಟ್ಟ. ನಾನು ತಿರುಗಿ ಏನೂ ಅನ್ನಲಿಲ್ಲ. ಒಳ್ಳೆಯವಳು ಅಂತಲ್ಲ. ತಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ, ಅಷ್ಟೇ. ನನಗೆ ಉತ್ತರ ಹೊಳೆಯೋದು ಯಾವಾಗಲೂ ತಡ. ಇರಲಿ, ಕಾದಂಬರಿಯ ಖಳನಾಯಕನಿಗೆ ಇವನದೇ ಮೀಸೆ ಅಂಟಿಸ್ತೀನಿ ಅಂತ ಮನಸ್ಸಿನಲ್ಲೇ ಅಂದುಕೊಂಡಿದ್ದೆ.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅದೇ ಪ್ರಶ್ನೆ ಹತ್ತು ಸಲವಾದರೂ ಬಂತು. ಡಾಕ್ಟರು ಹೆಸರು ಕೇಳಿದರು. ಅಣ್ಣ ಇನಿಷಿಯಲ್ ಸಮೇತ ಹೇಳಿದ. ಹುಟ್ಟಿದ ತಾರೀಖು ಹೇಳಿದ. ಏನು ಕೆಲಸ ಅಂದರೆ, ಲೆಕ್ಕದ ಮೇಷ್ಟ್ರು, ರಿಟೈರ್ ಆಗಿದೆ ಅಂದ. ನನ್ನನ್ನು ತೋರಿಸಿ, "ತಂಗಿ, ಏನೇನೋ ಬರೀತಾಳೆ" ಅಂತಲೂ ಸೇರಿಸಿದ. ಮಗ್ಗಿ ತಪ್ಪಲಿಲ್ಲ. ಮೂರು ಪದ ಕೊಟ್ಟು ನೆನಪಿಟ್ಟುಕೊಳ್ಳಿ ಅಂದರು. ಬೀಗ, ನದಿ, ಗಡಿಯಾರ. ಐದು ನಿಮಿಷದ ನಂತರ ಕೇಳಿದರೆ, "ಯಾವ ಪದ ಸಾರ್?" ಅಂದ. ಪದ ಕೊಟ್ಟಿದ್ದು ಹಾಗಿರಲಿ, ಆ ಡಾಕ್ಟರನ್ನು ನೋಡಿದ ನೆನಪೇ ಅವನಿಗಿರಲಿಲ್ಲ.

ಸ್ಕ್ಯಾನ್ ಆಯಿತು. ಸ್ಟ್ರೋಕ್ ಇರಬಹುದು ಅನ್ನೋದೇ ಎಲ್ಲರ ಭಯ. ಅದಲ್ಲ ಅಂತಾಯಿತು. ಇದಕ್ಕೆ ಟ್ರಾನ್ಸಿಯೆಂಟ್ ಗ್ಲೋಬಲ್ ಅಮ್ನೇಸಿಯಾ ಅಂತಾರೆ ಅಂದರು. ತಾತ್ಕಾಲಿಕ ಮರೆವು. ಐವತ್ತು ದಾಟಿದವರಲ್ಲೇ ಜಾಸ್ತಿ. ಮೈಮುರಿಯುವ ಕೆಲಸ, ತಣ್ಣೀರಿಗೆ ದಿಢೀರ್ ಇಳಿಯೋದು, ಮನಸ್ಸಿಗೆ ಬಿದ್ದ ಪೆಟ್ಟು, ಇಂಥದ್ದರ ಬೆನ್ನಿಗೆ ಬರೋದುಂಟು. 24 ಗಂಟೆಯೊಳಗೆ ತಾನೇ ಸರಿಹೋಗುತ್ತದೆ. ಆದರೆ ಆ ಕೆಲವು ಗಂಟೆಗಳ ನೆನಪು ಮಾತ್ರ ವಾಪಸ್ ಬರುವುದಿಲ್ಲ. ಮೆದುಳಿನ ಹಿಪ್ಪೊಕ್ಯಾಂಪಸ್ ಅನ್ನೋ ಭಾಗ ಆ ಹೊತ್ತಿನಲ್ಲಿ ಏನನ್ನೂ ಬರೆದಿಟ್ಟುಕೊಂಡಿರುವುದೇ ಇಲ್ಲವಂತೆ.

"ಮನಸ್ಸಿಗೇನಾದರೂ ಬೇಜಾರಾಗಿತ್ತಾ?" ಅಂತ ಡಾಕ್ಟರು ಕೇಳಿದರು. "ಟ್ರಂಕ್ ಭಾರ ಇತ್ತು ಸಾರ್" ಅಂದೆ.

ಅಣ್ಣನ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿ, ಕೊನೆಗೆ ಒಂದು ಚೀಟಿ ಬರೆದು ಕೊಟ್ಟೆ. 'ನೀನು ನಿನ್ನೆ ರಾತ್ರಿ ಬಂದೆ. ಈಗ ಆಸ್ಪತ್ರೆಯಲ್ಲಿದ್ದೀಯ. ಸ್ವಲ್ಪ ಮರೆವು, ಸಂಜೆಗೆ ಸರಿಹೋಗುತ್ತೆ. ಭಯ ಇಲ್ಲ.' ಅವನು ನಿಧಾನಕ್ಕೆ ಓದಿದ. ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ಐದಾರು ನಿಮಿಷ ಆದ ಮೇಲೆ ಪೆನ್ನಿಗೋ ಏನಕ್ಕೋ ಜೇಬು ತಡವಿದ. ಚೀಟಿ ಸಿಕ್ಕಿತು. "ಅರೆ, ನಿನ್ನ ಅಕ್ಷರ!" ಅಂದ. ಓದಿದ, ನಕ್ಕ, "ಒಳ್ಳೆ ಕಥೆ ಆಯ್ತಲ್ಲೇ" ಅಂದ, ಮತ್ತೆ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ. ಇದು ಎಷ್ಟು ಸಲ ಆಯಿತೋ. ಪ್ರತಿ ಸಲವೂ ಮಡಿಕೆ ಅದೇ ಗೆರೆಯ ಮೇಲೆ. ನಗುವೂ ಅದೇ ಅಳತೆಯದು.

ಆ ಚೀಟಿಯಲ್ಲಿ ನಾನು ಏನು ಬೇಕಾದರೂ ಬರೆಯಬಹುದಿತ್ತು. ನನ್ನ ಅಕ್ಷರ ಕಂಡರೆ ಅವನು ನಂಬುತ್ತಿದ್ದ. 'ನೀನು ಬೆಳಗ್ಗೆ ನನ್ನಲ್ಲಿ ಕ್ಷಮೆ ಕೇಳಿದೆ' ಅಂತ ಬರೆದಿದ್ದರೆ ಅದನ್ನೂ ಮಡಿಚಿಟ್ಟುಕೊಳ್ಳುತ್ತಿದ್ದ. ಥ್ರಿಲ್ಲರ್‌ಗಳಲ್ಲಿ ನೆನಪು ಕಳೆದುಕೊಂಡವನ ಸುತ್ತ ಸುಳ್ಳು ಹೇಳುವವರು ಯಾಕೆ ಅಷ್ಟೊಂದು ಜನ ಇರ್ತಾರೆ ಅಂತ ಆಗ ಅರ್ಥವಾಯಿತು. ಅವರೆಲ್ಲ ಮಹಾ ದುಷ್ಟರೇ ಆಗಬೇಕಿಲ್ಲ. ಅಷ್ಟು ಸುಲಭ ಅದು.

ಹಾಗಂತ ನಾನು ಸುಮ್ಮನಿದ್ದೆ ಅಂತಲ್ಲ. ಮಧ್ಯಾಹ್ನದ ಹೊತ್ತಿಗೆ ಬೆಳಗಿನ ಮಾತಿಗೆ ಉತ್ತರ ಹೊಳೆಯಿತು. ನರ್ಸ್ ಆಚೆ ಹೋಗಿದ್ದರು. ಹೇಳಿಬಿಟ್ಟೆ. "ಅಪ್ಪ ಮಲಗಿದ್ದಾಗ ದಿನಾ ರಾತ್ರಿ ಫೋನ್ ಮಾಡಿ ನನ್ನ ಹತ್ತಿರ ಏನು ಹೇಳ್ತಿದ್ರು ಗೊತ್ತಾ? ದೊಡ್ಡವನು ಪಕ್ಕದಲ್ಲೇ ಇರ್ತಾನೆ, ಒಂದು ಮಾತೂ ಆಡಲ್ಲ ಅಂತ."

ಅಣ್ಣನ ಮುಖ ಇಳಿದುಹೋಯಿತು. ಕೆಳತುಟಿ ಒಳಕ್ಕೆ ಎಳೆದುಕೊಂಡ. ಚಿಕ್ಕವನಿದ್ದಾಗ ಏಟು ತಿಂದರೆ ಹೀಗೇ ಮಾಡುತ್ತಿದ್ದ. "ಅಪ್ಪ ಹಾಗಂದ್ರಾ?" ಅಂದ. ಕಿಟಕಿ ಕಡೆ ತಿರುಗಿಕೊಂಡ. ನನಗೆ ಅಳು ಬಂತು. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ನಾನು ಬಾಗಿಲಲ್ಲಿ ಕಂಡಿದ್ದೇ ಅವನ ಮುಖ ಅರಳಿತು. "ಪುಟ್ಟಿ! ನಾನು ಯಾವಾಗ ಬಂದೆ?"

ಸೇಡು ತೀರಿಸಿಕೊಂಡಿದ್ದೆ. ಆದರೆ ಅದು ನಡೆದದ್ದು ನನಗೊಬ್ಬಳಿಗೇ ಗೊತ್ತು. ನನ್ನ ನಾಯಕನಿಗೆ ಪಾಪ, ತಾನು ಮರೆತದ್ದೇ ದೊಡ್ಡ ತೊಂದರೆ. ಏಟು ಕೊಟ್ಟವನು ಅದನ್ನೂ ಮರೆತು, ತಾನು ಏಟು ತಿಂದದ್ದನ್ನೂ ಮರೆತು, ಎದುರಿಗೆ ನಗುತ್ತಾ ಕೂತರೆ ಏನು ಮಾಡಬೇಕು ಅಂತ ನಾನು ಓದಿದ ಯಾವ ಕಾದಂಬರಿಯಲ್ಲೂ ಇರಲಿಲ್ಲ.

ಸಂಜೆ ಐದರ ಸುಮಾರಿಗೆ ಪ್ರಶ್ನೆಗಳ ನಡುವಿನ ಅಂತರ ಜಾಸ್ತಿಯಾಯಿತು. ಆರು ಗಂಟೆಗೆ, "ಆಗಲೇ ಹೇಳಿದೆಯಲ್ಲ" ಅಂದ. ಆ 'ಆಗಲೇ' ಕೇಳಿ ನನಗೆ ಕುಣಿಯೋಣ ಅನ್ನಿಸಿತು. ಮಾರನೇ ದಿನ ಮನೆಗೆ ಬಂದೆವು.

ಆಮೇಲೆ ಈ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಹೆನ್ರಿ ಮೊಲೈಸನ್ ಅನ್ನುವವರಿಗೆ 1953ರಲ್ಲಿ, 27ನೇ ವಯಸ್ಸಿನಲ್ಲಿ, ಫಿಟ್ಸ್ ನಿಲ್ಲಿಸಲು ಮೆದುಳಿನ ಆಪರೇಷನ್ ಆಯಿತು. ಅಲ್ಲಿಂದ 2008ರಲ್ಲಿ ತೀರಿಕೊಳ್ಳುವವರೆಗೂ ಹೊಸದಾಗಿ ನಡೆದದ್ದು ಅವರ ನೆನಪಿನಲ್ಲಿ ನಿಲ್ಲಲೇ ಇಲ್ಲ. ಅಣ್ಣನ ಆರೇಳು ಗಂಟೆ ಅವರಿಗೆ 55 ವರ್ಷ. ಆದರೂ ತಾನು ಯಾರು ಅನ್ನೋದು ಅವರಿಗೆ ಗೊತ್ತಿತ್ತು. ಜಗತ್ತಿಗೇ ಅವರ ಹೆಸರು ಗೊತ್ತಿರಲಿಲ್ಲ. ಗುಟ್ಟು ಕಾಯಲೆಂದು ವಿಜ್ಞಾನಿಗಳು ಕೊನೆಯವರೆಗೂ ಎಚ್.ಎಂ. ಅಂತಲೇ ಬರೆದರು.

ಹೆಸರೇ ಬದಲಾದ ಕಥೆಯೂ ಇದೆ, ಅದೂ ಒಬ್ಬ ಪತ್ತೇದಾರಿ ಲೇಖಕಿಯದು. 1926ರ ಡಿಸೆಂಬರ್‌ನಲ್ಲಿ ಅಗಾಥಾ ಕ್ರಿಸ್ಟಿ 11 ದಿನ ಕಾಣೆಯಾಗಿದ್ದರು. ಕೊನೆಗೆ ಸಿಕ್ಕಿದ್ದು ಇಂಗ್ಲೆಂಡಿನ ಹ್ಯಾರೊಗೇಟ್‌ನ ಒಂದು ಹೋಟೆಲಿನಲ್ಲಿ. ಅಲ್ಲಿ ಬರೆಸಿದ್ದ ಹೆಸರು ತೆರೇಸಾ ನೀಲ್. ನೀಲ್ ಅನ್ನೋದು ಗಂಡ ಮೆಚ್ಚಿಕೊಂಡಿದ್ದ ಹೆಂಗಸಿನ ಮನೆತನದ ಹೆಸರು! ನೆನಪು ಹೋಗಿತ್ತು ಅಂದರು ಡಾಕ್ಟರುಗಳು. ಕ್ರಿಸ್ಟಿ ತಮ್ಮ ಆತ್ಮಕಥೆಯಲ್ಲಿ ಈ ಬಗ್ಗೆ ತುಟಿ ಬಿಚ್ಚಿಲ್ಲ. ಮರೆವೋ ಸೇಡೋ? ನನಗಂತೂ ಎರಡೂ ಸ್ವಲ್ಪ ಸ್ವಲ್ಪ ಇದ್ದಿರಬೇಕು ಅನ್ನಿಸುತ್ತೆ.

ನನ್ನ ಕಾದಂಬರಿ 112ನೇ ಪುಟದಲ್ಲೇ ನಿಂತಿದೆ. ನಾಯಕನಿಗೆ ಅವನ ಹೆಸರು ವಾಪಸ್ ಕೊಟ್ಟಿದ್ದೇನೆ. ಮೀಸೆ ತೆಗೆದಿದ್ದೇನೆ.

ಮೊನ್ನೆ ಅಣ್ಣ ಫೋನ್ ಮಾಡಿದ್ದ. ಆ ಅಂಗಿಯ ಜೇಬಿನಲ್ಲಿ ಚೀಟಿ ಸಿಕ್ಕಿತಂತೆ. "ನಿನ್ನ ಅಕ್ಷರ ಸರಿ, ಆದರೆ ಹಿಂದುಗಡೆ ನನ್ನ ಅಕ್ಷರದಲ್ಲೂ ಏನೋ ಇದೆ" ಅಂದ. "ಯಾವಾಗ ಬರೆದೆನೋ ದೇವರಾಣೆ ಗೊತ್ತಿಲ್ಲ."

"ಏನು ಬರೆದಿದ್ದೀಯ?"

"'ಪುಟ್ಟಿ ಅತ್ತಿದ್ದಾಳೆ. ಯಾಕೆ ಅಂತ ಕೇಳಬೇಕು' ಅಂತಿದೆ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾಕೆ ಅತ್ತಿದ್ದೆ?" ಅಂದ.

ಈ ಸಲವೂ ತಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. "ಭಾನುವಾರ ಬಾ, ಹೇಳ್ತೀನಿ" ಅಂದೆ.