ಪುನರ್ವಸು ಮಳೆಯಲ್ಲಿ ಒಂದು ಅಡುಗೆಮನೆಗೆ ಹೋಗಿ ಬಂದೆ

ತಾಳಗುಪ್ಪದಲ್ಲಿ ರೈಲು ಹಳಿ ಮುಗಿಯುತ್ತದೆ. ಬೆಂಗಳೂರಿನಿಂದ ರಾತ್ರಿ ಹೊರಟ ಗಾಡಿ ಬೆಳಗ್ಗೆ ಅಲ್ಲಿ ನಿಂತಾಗ ಮಳೆ ಎಷ್ಟು ಜೋರಾಗಿತ್ತು ಅಂದ್ರೆ, ಸ್ಟೇಷನ್ನಿನ ಆಚೆಗಿನ ಮರಗಳೇ ಕಾಣುತ್ತಿರಲಿಲ್ಲ. ಜುಲೈ ಎರಡನೇ ವಾರ, ಪುನರ್ವಸು ಮಳೆ. ಕೊಡೆ ಬಿಚ್ಚಿದರೂ ಅರ್ಧ ಒದ್ದೆಯಾಗಿಯೇ ಸಿದ್ದಾಪುರದ ಬಸ್ ಹತ್ತಿದೆ.

ಈ ಕಾಲದಲ್ಲಿ ಆ ಕಡೆ ಹೋಗುವವರು ಜೋಗ ನೋಡಲು ಹೋಗುತ್ತಾರೆ. ನಾನು ಹೋಗಿದ್ದು ಕೆಸುವಿನ ಎಲೆಗಾಗಿ.

ಹಿಂದಿನ ವರ್ಷ ಮಾರ್ಕೆಟ್ಟಿನಿಂದ ದೊಡ್ಡ ದೊಡ್ಡ ಎಲೆ ತಂದು, ಹಿಟ್ಟು ಸವರಿ ಸುತ್ತಿ ಬೇಯಿಸುವ ಪತ್ರೊಡೆ ಮಾಡಿದ್ದೆ. ನೋಡಲು ಚೆನ್ನಾಗಿಯೇ ಬಂದಿತ್ತು. ಎರಡು ತುತ್ತು ತಿನ್ನುವಷ್ಟರಲ್ಲಿ ಮನೆಯವರೆಲ್ಲರ ಗಂಟಲು ಕೆರೆಯಲು ಶುರುವಾಯಿತು. ಮಗಳು ಅತ್ತುಬಿಟ್ಟಳು. ಅವತ್ತು ನನಗೆ ತುಂಬ ಬೇಜಾರಾಗಿತ್ತು. ಸಿದ್ದಾಪುರದ ಕಡೆಯ ನನ್ನ ಗೆಳತಿಗೆ ಫೋನ್ ಮಾಡಿ ಹೇಳಿದರೆ, "ಮಳೆಗಾಲದಲ್ಲಿ ನಮ್ಮನೆಗೆ ಬಾ. ಅಮ್ಮ ತೋರಿಸ್ತಾಳೆ" ಅಂದಳು. ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಒಂದು ವರ್ಷ ಕಾದಿದ್ದೆ.

ಬಸ್ಸಿಳಿದು ಮಣ್ಣಿನ ದಾರಿಯಲ್ಲಿ ಸ್ವಲ್ಪ ದೂರ ನಡೆದರೆ ಮನೆ. ಹಿಂದೆ ಬೆಟ್ಟ, ಮುಂದೆ ತಗ್ಗಿನಲ್ಲಿ ಅಡಿಕೆ ತೋಟ. ಜಗಲಿಗೆ ಕಾಲಿಡುವ ಮೊದಲೇ ಗೆಳತಿ ನನ್ನ ಕಾಲಿನಿಂದ ಎರಡು ಉಂಬಳ (ಜಿಗಣೆ) ಕಿತ್ತು ಎಸೆದಳು. ಒಳಗಿನಿಂದ ಅವಳ ಅಮ್ಮ, "ಬಾ ತಂಗಿ, ಆಸರಿಗೆ ಎಂತ ಕೊಡ್ಲಿ?" ಎಂದು ಕೇಳಿದರು. ಆ ಕಡೆ ಯಾವ ಮನೆಗೆ ಹೋದರೂ ಮೊದಲು ಕೇಳುವ ಮಾತು ಅದು. ಬೇಸಿಗೆಯಾಗಿದ್ದರೆ ಪಾನಕವೋ ಮಜ್ಜಿಗೆಯೋ ಬರುತ್ತಿತ್ತು. ಈಗ ಬಂದಿದ್ದು ಕಷಾಯ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಚೂರು ಮೆಂತೆ ಹುರಿದು ಪುಡಿ ಮಾಡಿ ಡಬ್ಬಿಯಲ್ಲಿಟ್ಟಿರುತ್ತಾರೆ. ನೀರಿಗೆ ಒಂದು ಚಮಚ ಪುಡಿ, ಬೆಲ್ಲ ಹಾಕಿ ಕುದಿಸಿ, ಕೊನೆಗೆ ಹಾಲು. ಅಷ್ಟೇ. ಜೊತೆಗೆ ಕೆಂಡದ ಮೇಲೆ ಸುಟ್ಟ ಹಲಸಿನ ಹಪ್ಪಳ, ಕಾಯಿ ಚೂರು. ಆ ಹಪ್ಪಳ ಏಪ್ರಿಲ್, ಮೇ ಬಿಸಿಲಿನದು. ಬೆಳೆದ ಹಲಸಿನಕಾಯಿಯ ತೊಳೆ ಬೇಯಿಸಿ, ಉಪ್ಪು ಖಾರ ಸೇರಿಸಿ ಕುಟ್ಟಿ, ತಟ್ಟಿ ಒಣಗಿಸಿದ್ದು. ಬೇಸಿಗೆಯನ್ನು ಡಬ್ಬಿಯಲ್ಲಿ ಮುಚ್ಚಿಟ್ಟು ಮಳೆಗಾಲದಲ್ಲಿ ತೆಗೆದಂತೆ ಅನಿಸಿತು ನನಗೆ.

ಮಧ್ಯಾಹ್ನ ಮಳೆ ಸ್ವಲ್ಪ ಹೊಳವಾದಾಗ ಅಮ್ಮ ಕತ್ತಿ ಹಿಡಿದು ಹೊರಟರು. ನಾನು ಕೆಸುವಿಗಾಗಿ ನೆಲ ನೋಡುತ್ತಿದ್ದೆ. ಅವರು ಮೇಲೆ ನೋಡುತ್ತಿದ್ದರು. ಹಳೇ ಮಾವಿನ ಮರದ ಕವಲಿನಲ್ಲಿ, ಪಾಚಿಯ ನಡುವೆ, ಅಂಗೈಯಗಲದ ಎಲೆಗಳು ಗೊಂಚಲಾಗಿ ನಿಂತಿದ್ದವು. ಅದೇ ಮರಕೆಸು. ಬೇಸಿಗೆಯಲ್ಲಿ ಅಲ್ಲಿ ಏನೂ ಕಾಣುವುದಿಲ್ಲವಂತೆ. ಗಡ್ಡೆ ಮರದ ಮೇಲೆಯೇ ಮಲಗಿರುತ್ತದೆ. ಮಳೆ ಹಿಡಿದ ಮೇಲೆ ಚಿಗುರುತ್ತದೆ, ಮಳೆ ಮುಗಿದ ಮೇಲೆ ಒಣಗುತ್ತದೆ. ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಸಿಗುವ ಎಲೆ. ಗೆಳತಿಯ ಅಣ್ಣ ಏಣಿ ಇಟ್ಟು ಹತ್ತಿ ಕೊಯ್ದು ಕೆಳಗೆ ಹಾಕಿದ.

"ಅರ್ಧಕ್ಕರ್ಧ ಬಿಟ್ಟು ಬಾ" ಅಂತ ಅಮ್ಮ ಕೂಗಿದರು. ಎಲ್ಲ ಕೊಯ್ದರೆ ಗಡ್ಡೆಗೆ ಶಕ್ತಿ ಎಲ್ಲಿಂದ ಬರಬೇಕು ಅಂತ.

ಬರುವಾಗ ಕಾದಿಗೆ, ಅಂದ್ರೆ ತೋಟದ ನೀರು ಹರಿಯುವ ಕಾಲುವೆ, ಅದರ ಬದಿಯಲ್ಲಿ ಒಂದೆಲಗ ಕಿತ್ತರು. ತೋಟದೊಳಗೆ ಅದು ಇನ್ನೂ ಹುಲುಸಾಗಿತ್ತು. ನಾನು ಬಗ್ಗಿದರೆ, "ಅಲ್ಲಿ ಬೇಡ, ಮದ್ದು ಹೊಡೆದಿದ್ದಾರೆ" ಅಂದರು. ಅಡಿಕೆಗೆ ಕೊಳೆ ಬಾರದಂತೆ ಮಳೆಗಾಲದಲ್ಲಿ ಬೋರ್ಡೋ ಹೊಡೆಯುತ್ತಾರೆ. ಮೈಲುತುತ್ತ, ಸುಣ್ಣ ಸೇರಿಸಿದ ಆ ನೀರು ಅಡಿಕೆ ಗೊನೆಯಿಂದ ಇಳಿದು ನೆಲದ ಸೊಪ್ಪಿನ ಮೇಲೆಲ್ಲ ಬೀಳುತ್ತದೆ. ಆ ವಾರ ಎಲ್ಲಿ ಹೊಡೆದಾಗಿದೆ, ಎಲ್ಲಿ ಇನ್ನೂ ಇಲ್ಲ ಅನ್ನುವ ಲೆಕ್ಕ ಅಡುಗೆ ಮಾಡುವವರ ತಲೆಯಲ್ಲೂ ಇರಬೇಕು. ಸೊಪ್ಪಿನ ಅಡುಗೆ ಹೇಳಿಕೊಡುವಾಗ ಈ ಮಾತನ್ನು ಯಾರೂ ಹೇಳಿದ್ದು ನಾನು ಕೇಳಿರಲಿಲ್ಲ.

ಒಳಗೆ ಬಂದು ಎಲೆಗಳನ್ನು ಒಂದೊಂದಾಗಿ ಒಣ ಬಟ್ಟೆಯಲ್ಲಿ ಒರೆಸಿದೆವು. ಕೈಗೆ ಮೊದಲು ಕೊಬ್ಬರಿ ಎಣ್ಣೆ ಸವರಿಕೊಳ್ಳಬೇಕು, ಇಲ್ಲದಿದ್ದರೆ ಕೈ ತುರಿಸುತ್ತದೆ. ನನ್ನ ಪತ್ರೊಡೆ ಯಾಕೆ ಹಾಗಾಯಿತು ಅಂತ ಅಮ್ಮ ವಿಚಾರಿಸಿದರು. ಯಾವ ಎಲೆ, ಎಷ್ಟು ಹುಳಿ, ಎಷ್ಟು ಹೊತ್ತು ಬೇಯಿಸಿದೆ. ನಾನು ಹಾಕಿದ್ದು ಗೋಲಿ ಗಾತ್ರದ ಹುಣಸೆಹಣ್ಣು. ಬೇಯಿಸಿದ್ದು 20 ನಿಮಿಷ. ಒಲೆಯ ಹತ್ತಿರ ಕೂತಿದ್ದ ಅಜ್ಜಿ ಅದನ್ನು ಕೇಳಿ ನನ್ನ ಕೈ ಹಿಡಿದು, "ಅಡ್ಡಿಲ್ಲೆ" ಎಂದರು. ಮತ್ತೇನೂ ಹೇಳಲಿಲ್ಲ. ನನಗೆ ಅಷ್ಟೇ ಸಾಕಾಯಿತು.

ಕೆಸುವಿನ ಎಲೆ, ದಂಟು, ಗಡ್ಡೆ ಎಲ್ಲದರಲ್ಲೂ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ. ನಾಲಿಗೆ, ಗಂಟಲಿಗೆ ಅವು ಚುಚ್ಚುವುದರಿಂದಲೇ ತುರಿಕೆ. ಅದಕ್ಕೇ ಕೈತುಂಬ ಹುಳಿ, ಚೆನ್ನಾಗಿ ಬೇಯಿಸುವುದು. ಎರಡರಲ್ಲಿ ಒಂದನ್ನೂ ಬಿಡುವ ಹಾಗಿಲ್ಲ.

ಪತ್ರೊಡೆಗೆ ಎರಡು ಲೋಟ ಅಕ್ಕಿ ಬೆಳಗ್ಗೆಯೇ ನೆನೆದಿತ್ತು. ಒಂದು ಲೋಟ ಕಾಯಿತುರಿ, ಏಳೆಂಟು ಒಣಮೆಣಸು, ಒಂದು ದೊಡ್ಡ ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ದೊಡ್ಡ ನಿಂಬೆಹಣ್ಣಿನಷ್ಟು ಹುಣಸೆ, ಅದರ ಅರ್ಧದಷ್ಟು ಬೆಲ್ಲ, ಉಪ್ಪು. ನೀರು ಆದಷ್ಟು ಕಡಿಮೆ. ಹಿಟ್ಟು ಎಲೆಯ ಮೇಲಿಂದ ಜಾರಬಾರದು. ಎಲೆಯ ಬೆನ್ನು ಮೇಲೆ ಮಾಡಿ ಸವರಿ, ಅದರ ಮೇಲೆ ಇನ್ನೊಂದು, ಮತ್ತೊಂದು, ನಾಲ್ಕೈದು ಆದ ಮೇಲೆ ಸುತ್ತಿ ಉಗಿಯಲ್ಲಿ ಇಟ್ಟರೆ ಮುಕ್ಕಾಲು ಗಂಟೆ ಮುಚ್ಚಳ ತೆಗೆಯುವ ಹಾಗಿಲ್ಲ. ಅಂದು ರಾತ್ರಿ ಬಿಸಿಬಿಸಿ ತಿಂದೆವು. ಗಂಟಲು ಒಂದಿಷ್ಟೂ ಕೆರೆಯಲಿಲ್ಲ. ಮರುದಿನ ಉಳಿದದ್ದನ್ನು ಬಿಲ್ಲೆ ಮಾಡಿ ಕಾವಲಿಯ ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಕೆಂಪಗೆ ಬೇಯಿಸಿಕೊಟ್ಟರು. ನನಗೆ ಎರಡನೇ ದಿನದ್ದೇ ಜಾಸ್ತಿ ಇಷ್ಟವಾಯಿತು.

ಸುತ್ತಲು ಬಾರದ ಸಣ್ಣ ಎಲೆ, ಹರಿದ ಎಲೆ, ಎಳೆ ದಂಟು ಎಲ್ಲ ಕರಕಲಿ ಅನ್ನುವ ಅಡುಗೆಗೆ ಹೋಯಿತು. ಅಡುಗೆ ಬಾರದವರೂ ಮಾಡಬಹುದಾದ ಪದಾರ್ಥ ಇದು. ಹೆಚ್ಚಿದ ಸೊಪ್ಪು ಎರಡು ಹಿಡಿ, ಹಸಿಮೆಣಸು ಆರೇಳು, ವಾಟೆಹುಳಿಯ ನಾಲ್ಕು ಒಣ ಚೂರು, ಉಪ್ಪು, ಸ್ವಲ್ಪ ನೀರು. ವಾಟೆಹುಳಿ ಸಿಗದ ಊರಿನಲ್ಲಿ ಹುಣಸೆ ಸಾಕು. ಎಲ್ಲ ಒಟ್ಟಿಗೆ ಬೇಯಬೇಕು, ಸೌಟಿನಲ್ಲಿ ಮಸೆದಾಗ ಎಲೆ ಯಾವುದು ಮೆಣಸು ಯಾವುದು ಗೊತ್ತಾಗಬಾರದು. ಹಸಿರು ಹೋಗಿ ಕಪ್ಪಿಗೆ ತಿರುಗುತ್ತದೆ. ಕೊನೆಗೆ ಸಾಸಿವೆ ಒಗ್ಗರಣೆ, ಅದರಲ್ಲಿ ಇಡೀ ಒಂದು ಗಡ್ಡೆ ಬೆಳ್ಳುಳ್ಳಿ. ಜಾಸ್ತಿ ಆಯಿತೇನೋ ಅಂತ ನನಗೆ ಅನಿಸಿತ್ತು. ಬಿಸಿ ಅನ್ನಕ್ಕೆ ತುಪ್ಪ ಹಾಕಿ ಕಲಸಿದ ಮೇಲೆ ಹಾಗನಿಸಲಿಲ್ಲ. ಮೂರು ದಿನವೂ ಅದೇ ಪಾತ್ರೆಯನ್ನು ದಿನಾ ಕುದಿಸಿದರು. ದಿನ ಹೋದಂತೆ ಬಣ್ಣ ಇನ್ನೂ ಕಪ್ಪು, ರುಚಿ ಇನ್ನೂ ಗಟ್ಟಿ.

ಎರಡನೇ ದಿನ ಜೋಗಕ್ಕೂ ಹೋಗಿ ಬಂದೆವು. 253 ಮೀಟರ್ ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ಧುಮುಕುವುದನ್ನು ನೋಡಬೇಕು ಅಂತ ನಿಂತರೆ ಬರೀ ಮಂಜು. ಸದ್ದು ಮಾತ್ರ ಎದೆಗೆ ಬಡಿಯುತ್ತಿತ್ತು. ಎರಡು ನಿಮಿಷ ತೆರೆ ಸರಿದಂತೆ ಎಲ್ಲ ಕಂಡು ಮತ್ತೆ ಮುಚ್ಚಿತು. ಒದ್ದೆ ಬಟ್ಟೆಯಲ್ಲಿ ನಡುಗುತ್ತ ಮನೆಗೆ ಬಂದರೆ ಬಚ್ಚಲ ಒಲೆಯಲ್ಲಿ ನೀರು ಕುದಿಯುತ್ತಿತ್ತು.

ಅವತ್ತಿನ ಊಟಕ್ಕೆ ಒಂದೆಲಗದ ತಂಬಳಿ. ಒಂದು ಹಿಡಿ ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಒಂದು ಹಿಡಿ ಕಾಯಿಯೊಂದಿಗೆ ರುಬ್ಬಿ ಮಜ್ಜಿಗೆಗೆ ಸೇರಿಸುವುದು. ಕುದಿಸುವ ಕೆಲಸವಿಲ್ಲ. ಹತ್ತು ನಿಮಿಷದ ಅಡುಗೆ. ಬೆಂಗಳೂರಿನಲ್ಲಿ ಕುಂಡದ ದೊಡ್ಡಪತ್ರೆಯಲ್ಲೂ ಹೀಗೇ ಮಾಡಬಹುದು. ಮನೆಯಲ್ಲಿ ಸೊಪ್ಪೇ ಇಲ್ಲದ ದಿನ ಒಂದು ಚಮಚ ಮೆಂತೆ ಹುರಿದು ಮಾಡಿದರೂ ತಂಬಳಿಯೇ.

ಆದರೆ ನನ್ನ ಮನಸ್ಸು ಪೂರ್ತಿ ಕದ್ದಿದ್ದು ಅಪ್ಪೆಹುಳಿ, ಮಾವಿನ ಮಿಡಿಯ ತಿಳಿ ಸಾರು. ಅಮ್ಮ ನನ್ನನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದರು. ಒಂದು ಪರಿಮಳ ಎದ್ದು ಬಂತು. ಮಾವಿನದು ಹೌದು, ಜೊತೆಗೆ ಜೀರಿಗೆಯದೂ ಕರ್ಪೂರದ್ದೂ ಸೇರಿದಂತೆ. ಒಳಗೆ ಉಪ್ಪುನೀರಿನಲ್ಲಿ ಸುಕ್ಕುಗಟ್ಟಿದ ಮಿಡಿಗಳು, ತೊಟ್ಟಿನ ಸಮೇತ. ಹೊಳೆ, ಹಳ್ಳದ ದಂಡೆಯಲ್ಲಿ ಬೆಳೆಯುವ ಮರಗಳಿವು. ಎತ್ತರದ ಮರ ಹತ್ತಿ, ಕೊಯ್ದ ಮಿಡಿಯನ್ನು ಕೆಳಗೆ ಬೀಳಿಸದೆ ಚೀಲದಲ್ಲಿ ತುಂಬಿ ಹಗ್ಗದಲ್ಲಿ ಇಳಿಸುತ್ತಾರೆ. ಪೆಟ್ಟು ಬಿದ್ದ ಮಿಡಿ ಭರಣಿಯಲ್ಲಿ ಬಾಳುವುದಿಲ್ಲ, ಪಕ್ಕದವನ್ನೂ ಕೆಡಿಸುತ್ತದೆ. ಒಂದೊಂದು ಮರಕ್ಕೆ ಒಂದೊಂದು ಪರಿಮಳ. ಈ ಅಪ್ಪೆಮಿಡಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿದೆ. ಸಿಗಲೇಬೇಕಾಗಿತ್ತು. ಒಂದು ಮರ ಕಡಿದರೆ ಒಂದು ರುಚಿಯೇ ಹೋದಂತೆ.

ನಾಲ್ಕು ಮಿಡಿ ತೆಗೆದು ಬೇಯಿಸಿ, ತಣಿದ ಮೇಲೆ ಕೈಯಲ್ಲಿ ಚೆನ್ನಾಗಿ ಕಿವುಚಿ, ಸಿಪ್ಪೆ ಗೊರಟು ತೆಗೆದರು. ಅದಕ್ಕೆ ಒಂದು ಲೀಟರಿನಷ್ಟು ನೀರು, ಚಿಟಿಕೆ ಬೆಲ್ಲ. ಮಿಡಿಯಲ್ಲೇ ಉಪ್ಪು ಇರುವುದರಿಂದ ರುಚಿ ನೋಡಿಯೇ ಉಪ್ಪು ಹಾಕಬೇಕು. ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಇಂಗು, ಎರಡು ಜೀರಿಗೆ ಮೆಣಸು. ಈ ಮೆಣಸು ಕಡ್ಡಿಯಷ್ಟೇ ಸಣ್ಣ, ಖಾರ ಮಾತ್ರ ಬೆಂಕಿ. ಒಗ್ಗರಣೆ ನೀರಿಗೆ ಬಿದ್ದಾಗ ಚೊಂಯ್ ಅಂತು. ಕುದಿಸಲಿಲ್ಲ. ಸುಮ್ನೆ ಲೋಟಕ್ಕೆ ಬಗ್ಗಿಸಿ ಕೊಟ್ಟರು. ಊಟದ ಕೊನೆಗೆ ಕುಡಿದರೆ ಕಣ್ಣು ಎಳೆದುಕೊಂಡು ಹೋಗುವಂಥ ನಿದ್ದೆ ಬರುತ್ತದೆ ಅಂತಾರೆ. ಆ ಮಧ್ಯಾಹ್ನ ನಾನು ಎರಡು ಲೋಟ ಕುಡಿದು, ಹೆಂಚಿನ ಮೇಲಿನ ಮಳೆ ಕೇಳುತ್ತ ಮೂರು ಗಂಟೆ ನಿದ್ದೆ ಮಾಡಿದೆ. ಎಷ್ಟೋ ವರ್ಷದಿಂದ ಹಾಗೆ ಮಲಗಿರಲಿಲ್ಲ.

ಅಲ್ಲಿ ಅಡುಗೆ ಕಲಿಯುವುದು ಸುಲಭ. ರುಬ್ಬು, ಬೇಯಿಸು, ಒಗ್ಗರಣೆ ಹಾಕು, ಮುಗಿಯಿತು. ಕಷ್ಟ ಇರುವುದು ಅದಕ್ಕಿಂತ ಮೊದಲು. ಎಲ್ಲಿ ನೋಡಬೇಕು, ಯಾವ ವಾರ ಕೊಯ್ಯಬೇಕು, ಎಷ್ಟು ಬಿಡಬೇಕು. ಹಿತ್ತಿಲಿನ ಬಿದಿರು ಮೆಳೆಯಲ್ಲಿ ಕಳಲೆ ಎದ್ದಿತ್ತು. ಅದನ್ನು ಹೆಚ್ಚಿ ದಿನಾ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಹಾಕದೆ ತಿನ್ನುವ ಹಾಗಿಲ್ಲ, ಹಸಿ ಕಳಲೆಯಲ್ಲಿ ವಿಷದ ಅಂಶ ಇರುತ್ತದೆ. ಇಂಥದ್ದೆಲ್ಲ ಆ ಮನೆಯ ಹುಡುಗಿಗೆ, ನನ್ನ ಗೆಳತಿಗೆ, ಮಾತು ಕಲಿತಷ್ಟೇ ಸಲೀಸಾಗಿ ಬಂದಿತ್ತು. ಅವಳೂ ಈಗ ಬೆಂಗಳೂರಿನಲ್ಲಿದ್ದಾಳೆ. ಕಾದಿಗೆ ಬದಿಯಲ್ಲಿ ನಾನು ಅಮ್ಮನಿಗೆ ಪ್ರಶ್ನೆ ಕೇಳುವಾಗ ಅವಳೂ ಪಕ್ಕದಲ್ಲಿ ನಿಂತು ಫೋನಿನಲ್ಲಿ ಬರೆದುಕೊಳ್ಳುತ್ತಿದ್ದಳು.

ಹೊರಡುವ ದಿನ ಅಮ್ಮ ಒಂದು ಬಾಟಲಿ ಉಪ್ಪುಮಿಡಿ, ಕಾಗದದಲ್ಲಿ ಸುತ್ತಿದ ವಾಟೆಹುಳಿ, ಒಂದು ಕಟ್ಟು ಹಪ್ಪಳ ಕೊಟ್ಟರು. ಅಜ್ಜಿ ಜಗಲಿಯವರೆಗೆ ಬಂದರು. ರೈಲಿನಲ್ಲಿ ಚೀಲ ಸೀಟಿನ ಕೆಳಗೆ ಇಟ್ಟರೂ ಮಾವಿನ ವಾಸನೆ ಬೋಗಿಯಲ್ಲೆಲ್ಲ ಹರಡಿತ್ತು. ಎದುರಿನ ಸೀಟಿನ ಹೆಂಗಸು, "ಅಪ್ಪೆಮಿಡಿ ಅಲ್ವಾ?" ಅಂದರು. ಸಾಗರ ಬರುವವರೆಗೂ ಅದೇ ಮಾತು.

ಶಿವಮೊಗ್ಗ ದಾಟಿದ ಮೇಲೆ ತುಮಕೂರು ಕಡೆಯ ನಮ್ಮೂರಿಗೆ ಫೋನ್ ಮಾಡಿದೆ. ನಮ್ಮ ಕಡೆ ಮರಕೆಸು ಇಲ್ಲ, ಅಪ್ಪೆಮಿಡಿ ಇಲ್ಲ. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಏಳುವ ಬೆರಕೆ ಸೊಪ್ಪು ಇದೆ. ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಇನ್ನೂ ಏನೇನೋ. ಚಿಕ್ಕಂದಿನಲ್ಲಿ ನನ್ನಮ್ಮ ಮಡಿಲು ತುಂಬ ಕಿತ್ತು ತಂದು ಮಸ್ಸೊಪ್ಪು ಮಾಡುತ್ತಿದ್ದರು, ಮುದ್ದೆ ಜೊತೆ ತಿನ್ನುತ್ತಿದ್ದೆ. ಆ ಎಲೆಗಳಲ್ಲಿ ನಾಲ್ಕನ್ನೂ ಗುರುತು ಹಿಡಿಯಲು ನನಗೆ ಬರುವುದಿಲ್ಲ.

"ಅಮ್ಮ, ಬೆರಕೆ ಸೊಪ್ಪು ಎದ್ದಿದೆಯಾ?" ಅಂದೆ.

"ಮಳೆ ಬಿದ್ದು ಎಂಟು ದಿನ ಆಯ್ತು. ಇನ್ನೊಂದು ವಾರ ಬಿಟ್ಟರೆ ಬಲಿತು ಹೋಗುತ್ತೆ" ಅಂದರು ಅಮ್ಮ. "ಬರೋದಾದ್ರೆ ಈ ಭಾನುವಾರವೇ ಬಾ. ಮಗೂನೂ ಕರ್ಕೊಂಡು ಬಾ."