ಹನ್ನೊಂದು ಮಕ್ಕಳಿಗೆ ಒಂದು ಶಾಲೆ ಯಾಕೆ ಎಂದು ಕೇಳುವವರಿಗೆ

‘ಅಲ್ಲಮ್ಮ, ಹನ್ನೊಂದು ಮಕ್ಕಳಿಗೆ ಒಂದು ಶಾಲೆ ಯಾಕೆ ಬೇಕು?’

ಸಂತೆಯಲ್ಲಿ ಕೇಳುತ್ತಾರೆ. ಗೊಬ್ಬರ ತರಲು ಸೊಸೈಟಿಗೆ ಹೋದರೆ ಅಲ್ಲೂ ಕೇಳುತ್ತಾರೆ. ತಿಥಿ ಊಟದ ಪಂಕ್ತಿಯಲ್ಲಿ ಪಕ್ಕ ಕುಳಿತವರು ಸಾರು ಬರುವುದಕ್ಕೆ ಮೊದಲೇ ಕೇಳಿ ಮುಗಿಸುತ್ತಾರೆ. ನಾನು ನಮ್ಮೂರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷೆ. ಮಲೆನಾಡಿನ ಒಳಭಾಗದ ಊರು; ಒಂದರಿಂದ ಐದನೇ ತರಗತಿಯವರೆಗೆ ಸೇರಿ ಹನ್ನೊಂದು ಮಕ್ಕಳು. ಈ ಶಾಲೆಯನ್ನು ಹಳ್ಳದಾಚೆಯ ದೊಡ್ಡ ಊರಿನ ಹಿರಿಯ ಪ್ರಾಥಮಿಕ ಶಾಲೆಗೆ ಸೇರಿಸುವ ಪ್ರಸ್ತಾವ ಬಂದಾಗಿನಿಂದ ನಾವು ಕೆಲವು ತಾಯಂದಿರು, ಇಬ್ಬರು ಹಳೆಯ ವಿದ್ಯಾರ್ಥಿಗಳು, ಬಿಸಿಯೂಟ ಮಾಡುವ ಅಕ್ಕ ಕೂಡಿಕೊಂಡು ಬೇಡವೆಂದು ಓಡಾಡುತ್ತಿದ್ದೇವೆ. ಕಚೇರಿಗಳಿಗೆ ಅಲೆದು ಕಾಲು ಸೋತಿಲ್ಲ. ಗಂಟಲು ಸೋತಿದೆ, ಅದೂ ಈ ಒಂದು ಪ್ರಶ್ನೆಗೆ ಉತ್ತರ ಹೇಳಿ ಹೇಳಿ. ಹಾಗಾಗಿ ಬರೆದಿಡುತ್ತಿದ್ದೇನೆ. ಇನ್ನು ಕೇಳಿದವರ ಮೊಬೈಲಿಗೆ ಇದನ್ನೇ ಕಳುಹಿಸುತ್ತೇನೆ.

ಕೇಳುವವರಲ್ಲಿ ಹೆಚ್ಚಿನವರಿಗೆ ಉತ್ತರ ಬೇಕಾಗಿಲ್ಲ. ಅವರ ಮುಖದಲ್ಲಿ ಆಗಲೇ ಒಂದು ಲೆಕ್ಕ ಮುಗಿದಿರುತ್ತದೆ. ಆ ಲೆಕ್ಕವನ್ನು ಒಮ್ಮೆ ನಾನು ಕಣ್ಣಾರೆ ಕಂಡೆ. ಸಂಬಂಧಿಕರ ಮದುವೆಯಲ್ಲಿ, ನನಗೆ ದೊಡ್ಡಪ್ಪನ ವರಸೆಯಾಗುವ ನಿವೃತ್ತ ನೌಕರರೊಬ್ಬರು ಕೈ ತೊಳೆದು ಬಂದವರೇ ನನ್ನನ್ನು ಹಿಡಿದು ಕೂರಿಸಿಕೊಂಡರು. ಜೇಬಿನಿಂದ ಮೊಬೈಲ್ ತೆಗೆದು ಶಿಕ್ಷಕರ ಸಂಬಳವನ್ನು ಒತ್ತಿದರು. ಅಡುಗೆಯವರ ಗೌರವಧನ ಕೂಡಿಸಿದರು. ಅಕ್ಕಿ, ಬೇಳೆ, ಹಾಲಿನ ಪುಡಿ, ಪಠ್ಯಪುಸ್ತಕ, ಸಮವಸ್ತ್ರ, ಸುಣ್ಣಬಣ್ಣ ಎಂದು ಒಂದೊಂದನ್ನೇ ಹೆಸರಿಸುತ್ತ ಕೂಡಿಸಿದರು. ಕೊನೆಗೆ ಹನ್ನೊಂದರಿಂದ ಭಾಗಿಸಿ, ಬಂದ ಮೊತ್ತವನ್ನು ಅಕ್ಕಪಕ್ಕದ ನಾಲ್ಕು ಜನರಿಗೆ ತೋರಿಸಿ, ‘ನೋಡು ತಂಗಿ, ಇಷ್ಟು ದುಡ್ಡಿನಲ್ಲಿ ಪ್ರತಿ ಮಗುವನ್ನೂ ಪೇಟೆಯ ಕಾನ್ವೆಂಟಿಗೆ ಕಳಿಸಬಹುದು’ ಎಂದರು. ನಾಲ್ಕೂ ಜನ ತಲೆದೂಗಿದರು.

ನಾನು ಹೇಳಿದೆ: ‘ದೊಡ್ಡಪ್ಪ, ಇನ್ನೂ ಸ್ವಲ್ಪ ಒತ್ತಿ. ಶಾಲೆ ಮುಚ್ಚಿದರೆ ವ್ಯಾನಿನ ಬಾಡಿಗೆ ತಿಂಗಳಿಗೆ ಎಷ್ಟು? ವ್ಯಾನ್ ಬಾರದ ದಿನ ಮಗುವನ್ನು ಬಿಟ್ಟು, ಮತ್ತೆ ಸಂಜೆ ಕರೆತರಲು ಹೋದ ತಾಯಿಗೆ ತಪ್ಪುವ ಕೂಲಿ ಎಷ್ಟು? ಅದನ್ನೂ ಕೂಡಿಸಿ.’

‘ಅದು ಸರ್ಕಾರದ ಖರ್ಚಲ್ಲವಲ್ಲ’ ಎಂದರು.

ನನ್ನ ತಕರಾರು ಇರುವುದೇ ಅಲ್ಲಿ. ಶಾಲೆ ಮುಚ್ಚಿದರೆ ಖರ್ಚು ಉಳಿಯುವುದಿಲ್ಲ. ಸರ್ಕಾರದ ಲೆಕ್ಕಪುಸ್ತಕದಿಂದ ಎದ್ದು ಹೋಗಿ, ಅಡಿಕೆ ಸುಲಿದು, ಕಳೆ ಕಿತ್ತು ಬದುಕುವವರ ಮನೆಗೆ ಸೇರಿಕೊಳ್ಳುತ್ತದೆ. ಅವರ ಮನೆಯಲ್ಲಿ ಲೆಕ್ಕಪುಸ್ತಕವಿಲ್ಲ, ಲೆಕ್ಕ ಪರಿಶೋಧಕರು ಬರುವುದಿಲ್ಲ, ಹಾಗಾಗಿ ಯಾರಿಗೂ ಕಾಣುವುದಿಲ್ಲ. ಇದನ್ನು ಉಳಿತಾಯ ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ.

ಇನ್ನು ಹನ್ನೊಂದರ ವಿಷಯ. ಬಯಲುಸೀಮೆಯ ಊರುಗಳಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ. ಒಂದು ಕೂಗಿಗೆ ಇಡೀ ಊರು ಓಗೊಡುತ್ತದೆ. ನಮ್ಮಲ್ಲಿ ತೋಟಕ್ಕೊಂದು ಮನೆ. ಒಂದು ಮನೆಯಿಂದ ಇನ್ನೊಂದಕ್ಕೆ ಗುಡ್ಡ ಇಳಿದು, ಗದ್ದೆಯ ಅಂಚು ಹಿಡಿದು ಹೋಗಬೇಕು. ಇಂತಹ ಕಡೆ ಮಗು ನಡೆದು ಹೋಗುವಷ್ಟು ಹತ್ತಿರ ಶಾಲೆ ಇರಬೇಕಾದರೆ ಅದು ಸಣ್ಣ ಶಾಲೆಯೇ ಆಗಿರುತ್ತದೆ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂದು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದು ನೆರೆಹೊರೆಯ ಶಾಲೆಯ ಮಾತಾಡುತ್ತದೆ. ಒಂದರಿಂದ ಐದನೇ ತರಗತಿಯ ಮಗುವಿಗೆ ಒಂದು ಕಿಲೋಮೀಟರಿನೊಳಗೆ ಶಾಲೆ ಇರಬೇಕು ಎಂದು ನಿಯಮ ಹೇಳುತ್ತದೆ. ಕಾಯ್ದೆಯ ಅನುಸೂಚಿಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎಂದಿದೆ. ಇಂತಿಷ್ಟು ಮಕ್ಕಳಿಗಿಂತ ಕಡಿಮೆಯಾದರೆ ಬೀಗ ಹಾಕಿ ಎಂಬ ಸಾಲು ಅದರಲ್ಲಿಲ್ಲ. ನಾವು ಓದಿಯೇ ಹೇಳುತ್ತಿದ್ದೇವೆ.

ಆದರೆ ಕಡತದಲ್ಲಿ ಹಳ್ಳದಾಚೆಯ ಶಾಲೆ ನಮಗೆ ಒಂದು ಕಿಲೋಮೀಟರಿಗಿಂತ ಹತ್ತಿರ ಎಂದು ಬರೆದಿತ್ತು. ಯಾರೋ ಎಲ್ಲಿಯೋ ಕುಳಿತು ನಕ್ಷೆಯ ಮೇಲೆ ನೇರ ಗೆರೆ ಎಳೆದಿದ್ದರು. ಆ ಗೆರೆ ಹಳ್ಳದ ಮೇಲೆ ಹಾದು ಹೋಗುತ್ತದೆ. ಬೇಸಿಗೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಬಹುದು. ಮಳೆಗಾಲದಲ್ಲಿ ಅಡಿಕೆ ಮರ ಕಡಿದು ಹಾಕಿದ ಸಂಕವೇ (ಕಿರುಸೇತುವೆಯೇ) ಗತಿ, ಹಳ್ಳ ತುಂಬಿದರೆ ಅದೂ ಇಲ್ಲ. ಆಗ ಸೇತುವೆ ಇರುವಲ್ಲಿಗೆ ಸುತ್ತಿ ಹೋಗಬೇಕು. ಆ ದಾರಿ ನಾಲ್ಕು ಕಿಲೋಮೀಟರಿಗೆ ಹತ್ತಿರ ಬರುತ್ತದೆ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಎರಡನೇ ತರಗತಿಯ ಹುಡುಗಿಯೊಬ್ಬಳು ಶಾಲೆಯಿಂದ ಮನೆಗೆ ಬರುವಾಗ ಕಾಲುಸಂಕದಿಂದ ಬಿದ್ದು ನೀರಿನಲ್ಲಿ ಕೊಚ್ಚಿಹೋದಳು. ಶಾಲೆ ಮುಚ್ಚಿದ್ದರಿಂದ ಆದದ್ದು ಎಂದು ನಾನು ಹೇಳುತ್ತಿಲ್ಲ. ಹಳ್ಳದ ಮೇಲೆ ಗೆರೆ ಎಳೆಯುವವರಿಗೆ ಆ ಸುದ್ದಿ ನೆನಪಿರಬೇಕು ಎನ್ನುತ್ತಿದ್ದೇನೆ.

ನಾವು ಹಟ ಹಿಡಿದು, ಜುಲೈ ತಿಂಗಳ ಮಳೆಯಲ್ಲೇ ಸ್ಥಳ ಪರಿಶೀಲನೆ ಆಗಬೇಕು ಎಂದು ಬರೆದುಕೊಟ್ಟೆವು. ಅಧಿಕಾರಿಯೊಬ್ಬರು ಬಂದರು. ಒಳ್ಳೆಯ ಮನುಷ್ಯ, ಜೀಪು ನಿಲ್ಲಿಸಿ ನಮ್ಮ ಜೊತೆ ನಡೆಯಲು ಒಪ್ಪಿದರು. ಒಂದನೇ ತರಗತಿಯ ಮಗುವನ್ನು ಮುಂದೆ ಬಿಟ್ಟು, ಅದರ ಹೆಜ್ಜೆಗೆ ಎಲ್ಲರೂ ನಡೆಯಬೇಕು ಎಂದು ನಾವು ಮೊದಲೇ ಹೇಳಿದ್ದೆವು. ಅರ್ಧ ದಾರಿಗೆ ಅವರ ಕೊಡೆ ಗಾಳಿಗೆ ತಿರುಗಿಕೊಂಡಿತು. ಆಮೇಲೆ ಬೂಟು ಬಿಚ್ಚಿ, ಕಾಲುಚೀಲದೊಳಗೆ ಸೇರಿದ್ದ ಉಂಬಳಗಳನ್ನು (ಜಿಗಣೆಗಳನ್ನು) ಕಿತ್ತೆಸೆಯಲು ನಿಂತರು. ಅವು ಬೆರಳಿಗೇ ಅಂಟಿಕೊಂಡವು. ಮೂರನೇ ತರಗತಿಯ ಹುಡುಗಿಯೊಬ್ಬಳು ಲಂಗದ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು, ‘ಸಾರ್, ಎಳೆಯಬೇಡಿ, ಉಪ್ಪು ಹಾಕಿ, ತಾನಾಗಿಯೇ ಬಿಡುತ್ತದೆ’ ಎಂದಳು. ಅವಳು ಮಳೆಗಾಲದಲ್ಲಿ ಉಪ್ಪಿನ ಪೊಟ್ಟಣವಿಲ್ಲದೆ ಮನೆಯಿಂದ ಹೊರಡುವುದಿಲ್ಲ. ಅವರು ನಕ್ಕು, ಉಪ್ಪು ಹಾಕಿಕೊಂಡು, ಉಳಿದ ದಾರಿಯನ್ನೂ ನಡೆದರು. ಶಾಲೆಗೆ ಮರಳಿ ಸಂದರ್ಶನ ಪುಸ್ತಕದಲ್ಲಿ, ಮಳೆಗಾಲದ ನಿಜವಾದ ನಡಿಗೆಯ ದಾರಿ ಎಷ್ಟು ಎಂದು ತಮ್ಮ ಕೈಯಾರೆ ಬರೆದು ಸಹಿ ಹಾಕಿದರು. ಆ ಪುಟದ ನಕಲು ನಮ್ಮ ಎಲ್ಲ ಮನವಿಗಳ ಹಿಂದೆ ಇರುತ್ತದೆ. ಈ ವರ್ಷ ಶಾಲೆ ಉಳಿದಿದ್ದರೆ ಅದಕ್ಕೆ ದೊಡ್ಡ ಕಾರಣ ಆ ಪುಟ. ಧರಣಿ ಕೂತಿದ್ದಕ್ಕಿಂತ, ಘೋಷಣೆ ಕೂಗಿದ್ದಕ್ಕಿಂತ ಅದು ನಮಗೆ ಹೆಚ್ಚು ಕೆಲಸಕ್ಕೆ ಬಂದಿದೆ.

ಹಾಗೆಂದು ಎದುರಿನವರ ಮಾತೆಲ್ಲ ಸುಳ್ಳು ಎನ್ನಲಾರೆ. ಹನ್ನೊಂದು ಮಕ್ಕಳಲ್ಲಿ ಎರಡು ಕಬಡ್ಡಿ ತಂಡ ಕಟ್ಟಲಾಗುವುದಿಲ್ಲ. ನಾಲ್ಕನೇ ತರಗತಿಯಲ್ಲಿ ಒಬ್ಬನೇ ಇರುವ ಹುಡುಗನಿಗೆ ಓರಗೆಯವರೊಂದಿಗೆ ಪೈಪೋಟಿ ಇಲ್ಲ. ಇದನ್ನು ಕಾಳಜಿಯಿಂದ ಕೇಳುವ ಶಿಕ್ಷಕರಿದ್ದಾರೆ, ಅವರೊಂದಿಗೆ ನಾನು ಎಷ್ಟು ಹೊತ್ತಾದರೂ ಕೂತು ಮಾತಾಡುತ್ತೇನೆ. ಅಕ್ಕಪಕ್ಕದ ಸಣ್ಣ ಶಾಲೆಗಳ ಮಕ್ಕಳನ್ನು ತಿಂಗಳಿಗೊಂದು ಶನಿವಾರ ಒಟ್ಟು ಸೇರಿಸಿ ಆಡಿಸಿ, ಹಾಡಿಸಿ ಎಂದು ಕೇಳಿದ್ದೇವೆ. ಪ್ರತಿಭಾ ಕಾರಂಜಿಗೆ ಒಟ್ಟು ಸೇರಿಸಲು ಬರುವುದಾದರೆ ಇದಕ್ಕೂ ಬರುತ್ತದೆ. ‘ಒಂದೇ ಕೋಣೆಯಲ್ಲಿ ಮೂರು ತರಗತಿ ಕೂರಿಸಿ ಏನು ಕಲಿಸುತ್ತೀರಿ’ ಎಂದು ಮೂಗು ಮುರಿಯುವವರಿಗೆ ಮಾತ್ರ ನನ್ನಲ್ಲಿ ತಾಳ್ಮೆ ಇಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ, ವಯಸ್ಸು ಬೇರೆ ಬೇರೆಯಾದ ಮಕ್ಕಳು ಒಟ್ಟಿಗೆ ಕುಳಿತು, ತಮ್ಮ ತಮ್ಮ ವೇಗದಲ್ಲಿ ಕಲಿಯಲೆಂದೇ ಮಾಡಿದ ಪದ್ಧತಿ. ಅದನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿದ್ದು ಇದೇ ಸರ್ಕಾರಿ ಇಲಾಖೆ.

ಮುಂದಿನ ಪ್ರಶ್ನೆ ಯಾವುದೆಂದು ಗೊತ್ತು. ‘ನಿಮ್ಮ ಮಗ ಎಲ್ಲಿ ಓದುತ್ತಿದ್ದಾನೆ?’ ಇದೇ ಶಾಲೆಯಲ್ಲಿ, ಮೂರನೇ ತರಗತಿ. ಅವನು ಬೇರೆಲ್ಲೋ ಓದುತ್ತಿದ್ದರೂ ನನಗೆ ಕೇಳುವ ಹಕ್ಕು ಇಷ್ಟೇ ಇರುತ್ತಿತ್ತು. ಊರಿನ ಶಾಲೆ ಊರಿನದು. ಶಾಲೆಗೆ ಮಗುವನ್ನು ಕಳಿಸದವರು ಸುಮ್ಮನಿರಬೇಕು ಎಂದಾದರೆ, ಬಡವರು ಮಾತ್ರ ಹೋರಾಡಬೇಕು ಎಂದಾಯಿತು. ಅವರಿಗೆ ಒಂದು ದಿನ ಕಚೇರಿಗೆ ಹೋದರೆ ಆ ದಿನದ ಕೂಲಿ ಹೋಗುತ್ತದೆ.

ಹನ್ನೊಂದು ಹೇಗಾಯಿತು ಎಂಬುದನ್ನೂ ಹೇಳಿಬಿಡುತ್ತೇನೆ. ಒಂದು ಕಾಲಕ್ಕೆ ಇಲ್ಲಿ ನಲವತ್ತು ಚಿಲ್ಲರೆ ಮಕ್ಕಳಿದ್ದರು. ಜನ ಊರು ಬಿಟ್ಟದ್ದು ನಿಜ, ಮನೆಗೆ ಒಂದೇ ಮಗುವಾದದ್ದೂ ನಿಜ. ಜೊತೆಗೆ ಇನ್ನೊಂದು ನಡೆಯಿತು. ದಾಖಲಾತಿ ಸ್ವಲ್ಪ ಇಳಿದ ವರ್ಷ ಇಬ್ಬರಲ್ಲಿ ಒಬ್ಬ ಶಿಕ್ಷಕರನ್ನು ಹೆಚ್ಚುವರಿ ಎಂದು ಬೇರೆ ಕಡೆ ಹಾಕಿದರು. ಉಳಿದ ಒಬ್ಬರು ತರಬೇತಿಗೋ ಸಭೆಗೋ ಹೋದ ದಿನ ಪಾಠ ನಿಂತಿತು. ಅದನ್ನು ಕಂಡ ಪೋಷಕರು ಟಿಸಿ ಕೇಳಿದರು. ದಾಖಲಾತಿ ಇನ್ನೂ ಇಳಿಯಿತು. ತುಂಬಿದ್ದ ಶಾಲೆಯನ್ನು ಹೀಗೆ ಬಡಕಲು ಮಾಡಿ, ಆಮೇಲೆ ಬಡಕಲಾಗಿದೆ ಎಂದು ಮುಚ್ಚುವುದು ಯಾವ ನ್ಯಾಯ? ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳ 25 ಶೇಕಡಾ ಸೀಟುಗಳಿಗೆ ಸರ್ಕಾರವೇ ಶುಲ್ಕ ಕಟ್ಟುತ್ತಿದ್ದಾಗ, ಸರ್ಕಾರಿ ಶಾಲೆಯ ಪಕ್ಕದಲ್ಲೇ ಇದ್ದ ಮಕ್ಕಳೂ ಆ ಕಡೆ ಹೋದರು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಇಲ್ಲ ಎಂದು ಕರ್ನಾಟಕ ನಿಯಮ ಬದಲಿಸಿದ್ದು 2019ರ ಹೊತ್ತಿಗೆ. ಅಷ್ಟರಲ್ಲಿ ಹೋದವರು ಹೋಗಿದ್ದರು.

‘ಹೋರಾಡಿ ಯಾವ ಶಾಲೆ ಉಳಿದಿದೆ ಹೇಳಿ’ ಎನ್ನುವವರು ಕೋಯಿಕ್ಕೋಡಿನ ಮಲಾಪರಂಬ ಶಾಲೆಯ ಕಥೆ ತಿಳಿದುಕೊಳ್ಳಲಿ. ಅದು ಅನುದಾನಿತ ಶಾಲೆ. 2014ರಲ್ಲಿ ಆಡಳಿತದವರು ಕಟ್ಟಡವನ್ನೇ ಕೆಡವಿದರು. ಊರವರು ಸೇರಿ ಮತ್ತೆ ಕಟ್ಟಿದರು. 2016ರಲ್ಲಿ ನ್ಯಾಯಾಲಯದ ಆದೇಶದಂತೆ ಬೀಗ ಬಿದ್ದಾಗಲೂ ಬಿಡಲಿಲ್ಲ. ಕೊನೆಗೆ ಕೇರಳ ಸರ್ಕಾರವೇ ಶಾಲೆಯನ್ನು ವಹಿಸಿಕೊಳ್ಳಲು ತೀರ್ಮಾನಿಸಿತು. ಅಲ್ಲಿಯೂ ಮಕ್ಕಳ ಸಂಖ್ಯೆ ಕಡಿಮೆ ಎಂಬ ಮಾತಿತ್ತು.

ಇಷ್ಟು ಜನ ಇಷ್ಟು ಸಲ ಕೇಳಿದ್ದಾರೆ, ಆದರೆ ಒಂದು ಪ್ರಶ್ನೆಯನ್ನು ಇದುವರೆಗೆ ಒಬ್ಬರೂ ನನ್ನನ್ನು ಕೇಳಿಲ್ಲ. ಈಗಾಗಲೇ ಮುಚ್ಚಿದ ಶಾಲೆಗಳ ಮಕ್ಕಳು ಎಲ್ಲಿಗೆ ಹೋದರು?

ನಮ್ಮ ಮೇಲಿನ ಮಜರೆಯ ಶಾಲೆ ಕೆಲವು ವರ್ಷಗಳ ಹಿಂದೆ ಮುಚ್ಚಿತು. ಕಡತದ ಪ್ರಕಾರ ಎಲ್ಲ ಮಕ್ಕಳೂ ಪಕ್ಕದ ಶಾಲೆಗೆ ಸೇರಿದರು, ಅಲ್ಲಿಗೆ ವಿಷಯ ಮುಗಿಯಿತು. ನಾವು ಮನೆಮನೆಗೆ ಹೋಗಿ ಕೇಳಿದೆವು. ತೋಟ ಇದ್ದವರ ಮಕ್ಕಳು ವ್ಯಾನು ಹತ್ತಿ ಖಾಸಗಿ ಶಾಲೆಗೆ ಹೋದರು. ಒಬ್ಬ ಹುಡುಗನನ್ನು ಅಜ್ಜಿಯ ಊರಿಗೆ ಕಳಿಸಿದ್ದರು. ಏಳು ವರ್ಷದ ಮಗು ಅಪ್ಪ ಅಮ್ಮನನ್ನು ಬಿಟ್ಟು ಅಲ್ಲಿ ಓದುತ್ತಿತ್ತು. ಒಬ್ಬ ತಾಯಿ ಮಗಳನ್ನು ಬಿಟ್ಟು ಬರಲೆಂದೇ ಬೆಳಗಿನ ಕೆಲಸ ಬಿಟ್ಟಿದ್ದಳು. ಕೂಲಿ ಲೈನಿನ ಮನೆಯೊಂದರಲ್ಲಿ ಐದನೇ ತರಗತಿಯ ಹುಡುಗಿ ಮಧ್ಯಾಹ್ನ ಹನ್ನೆರಡಕ್ಕೆ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಿಗೆ ಬಂದಳು. ‘ಶಾಲೆಗೆ ಹೋಗಲಿಲ್ಲವೇನಮ್ಮ’ ಎಂದರೆ, ‘ಮಳೆ ಬಿಟ್ಟ ಮೇಲೆ ಹೋಗುತ್ತೇನೆ’ ಎಂದಳು. ಮಳೆ ಬಿಡಲು ಇನ್ನೂ ಎರಡು ತಿಂಗಳಿತ್ತು. ಹೊಸ ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿದೆ. ಇಲಾಖೆಯ ಲೆಕ್ಕದಲ್ಲಿ ಅವಳು ಶಾಲೆ ಬಿಟ್ಟವಳಲ್ಲ.

ಮಕ್ಕಳ ವಿವರ ದಾಖಲಿಸುವ ಇಲಾಖೆಯ ಸ್ಯಾಟ್ಸ್ ತಂತ್ರಾಂಶದಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆ ಇದೆ. ಮಗು ಯಾವ ಶಾಲೆಯಿಂದ ಯಾವ ಶಾಲೆಗೆ ಹೋಯಿತು ಎಂಬುದನ್ನು ಆ ಸಂಖ್ಯೆಯಿಂದ ಹುಡುಕಬಹುದು. ಹುಡುಕಬೇಕು ಎಂದು ಯಾರಿಗೂ ಅನ್ನಿಸಿಲ್ಲ. ಹನ್ನೊಂದು ಮಕ್ಕಳಿಗೆ ಎಷ್ಟು ಖರ್ಚಾಗುತ್ತದೆ ಎಂದು ಪೈಸೆ ಪೈಸೆ ಲೆಕ್ಕ ಹಾಕುವ ಜನಕ್ಕೆ, ಆ ಮಕ್ಕಳಲ್ಲಿ ಒಬ್ಬಳು ಮನೆಯಲ್ಲಿ ಉಳಿದದ್ದು ಲೆಕ್ಕಕ್ಕೇ ಬರುವುದಿಲ್ಲ ಎಂಬುದು ನನ್ನ ಹೊಟ್ಟೆ ಉರಿಸುತ್ತದೆ.

ಆದ್ದರಿಂದ ಇನ್ನು ಯಾರಾದರೂ ನನ್ನನ್ನು ಪ್ರಶ್ನೆ ಕೇಳುವ ಮೊದಲು ತಮ್ಮ ತಾಲ್ಲೂಕಿನಲ್ಲಿ ಇದನ್ನು ಕೇಳಿ ನೋಡಲಿ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ; ಶುಲ್ಕ ಹತ್ತು ರೂಪಾಯಿ, ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಲಿ, 150 ಪದ ಮೀರದಿರಲಿ. ಇಲ್ಲದಿದ್ದರೆ ಅದೇ ನೆಪದಲ್ಲಿ ಹಿಂದಕ್ಕೆ ಬರುತ್ತದೆ. ಕಳೆದ ಐದು ವರ್ಷಗಳಲ್ಲಿ ಮುಚ್ಚಿದ ಅಥವಾ ಬೇರೆ ಶಾಲೆಗೆ ಸೇರಿಸಿದ ಸರ್ಕಾರಿ ಶಾಲೆಗಳ ಪಟ್ಟಿ, ಮುಚ್ಚಿದ ದಿನ ಅಲ್ಲಿದ್ದ ಗಂಡು ಮತ್ತು ಹೆಣ್ಣು ಮಕ್ಕಳ ಸಂಖ್ಯೆ, ಮುಂದಿನ ವರ್ಷ ಅವರಲ್ಲಿ ಎಷ್ಟು ಮಂದಿ ಯಾವ ಶಾಲೆಯಲ್ಲಿ ದಾಖಲಾಗಿದ್ದರು ಎಂದು ಬರೆಯಿರಿ. ಮಕ್ಕಳ ಹೆಸರು ಕೇಳಬೇಡಿ, ವೈಯಕ್ತಿಕ ಮಾಹಿತಿ ಎಂದು ನಿರಾಕರಿಸುತ್ತಾರೆ. ಸಂಖ್ಯೆ ಸಾಕು. ಅರ್ಜಿ ಕೊಟ್ಟದ್ದಕ್ಕೆ ದಿನಾಂಕ ಸಹಿತ ಸ್ವೀಕೃತಿ ಪಡೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮೇಲ್ಮನವಿ ಹಾಕಿ. ಬಂದರೆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಆ ಊರುಗಳಿಗೆ ಹೋಗಿ, ಶಾಲೆಯ ಸಮಯದಲ್ಲೇ ಹೋಗಿ, ಮನೆಗಳ ಬಾಗಿಲು ತಟ್ಟಿ.