ಟ್ಯಾಂಕಿನ ಮುಚ್ಚಳದ ಪಕ್ಕದ ತೂತು

ಮೂರು ದಿನ ಬಿಡದೆ ಮಳೆ ಸುರಿದಿತ್ತು, ಬೈಕು ಹೊರಗೇ ನಿಂತಿತ್ತು. ನಾಲ್ಕನೇ ದಿನ ಮಧ್ಯಾಹ್ನ ಬಿಸಿಲು ಬಂದಾಗ ಒಂದು ಸುತ್ತು ಹೋಗಿ ಬಂದೆ, ಏನೂ ತಕರಾರಿರಲಿಲ್ಲ. ಮರುದಿನ ಬೆಳಿಗ್ಗೆ ಒಳ್ಳೇ ಚಳಿ. ಸೆಲ್ಫ್ ಒತ್ತಿದರೆ ಇಂಜಿನ್ ಹಿಡಿದ ಹಾಗೆ ಮಾಡಿ, ನಾಲ್ಕು ಸಲ ಕೆಮ್ಮಿ ಆರಿಹೋಯಿತು. ಆಮೇಲೆ ಜಪ್ಪಯ್ಯ ಎಂದರೂ ಸ್ಟಾರ್ಟ್ ಆಗಲಿಲ್ಲ. ಕಿಕ್ ಹೊಡೆದು ಕಾಲು ನೋವು ಬಂದಿದ್ದಷ್ಟೇ ಲಾಭ. ಟ್ಯಾಂಕಿನ ತಳದಲ್ಲಿ ನೀರು ನಿಂತಿದ್ದರೆ ಬೆರೆತುಹೋಗಲಿ ಎಂದು ಗಾಡಿಯನ್ನು ಎಡಕ್ಕೂ ಬಲಕ್ಕೂ ಚೆನ್ನಾಗಿ ಅಲ್ಲಾಡಿಸಿದೆ ಬೇರೆ.

ಮಳೆ ಶುರುವಾಗುವ ಹಿಂದಿನ ದಿನವಷ್ಟೇ ಪೆಟ್ರೋಲ್ ಹಾಕಿಸಿದ್ದೆ. ಬಂಕಿನವರೇ ನೀರು ಬೆರೆಸಿದ್ದಾರೆ, ಇನ್ನೇನು! ಮೆಕ್ಯಾನಿಕ್ ಹತ್ತಿರ ತಳ್ಳಿಕೊಂಡು ಹೋಗುವಾಗ ದಾರಿಯುದ್ದಕ್ಕೂ ಬಂಕಿನಲ್ಲಿ ಆಡಬೇಕಾದ ಜಗಳದ ಮಾತುಗಳದೇ ತಾಲೀಮು.

ಮೆಕ್ಯಾನಿಕ್ ಪೆಟ್ರೋಲ್ ಪೈಪ್ ಕಳಚಿ ಒಂದು ಪ್ಲಾಸ್ಟಿಕ್ ಬಾಟಲಿಗೆ ಇಳಿಸಿಕೊಂಡರು. "ಸ್ವಲ್ಪ ತಡೀರಿ ಸಾರ್, ತಳ ಕೂರಲಿ." ಹತ್ತು ನಿಮಿಷದಲ್ಲಿ ಬಾಟಲಿಯ ನಡುವೆ ಗೆರೆ ಎಳೆದಂತೆ ಎರಡು ಪದರ. ಮೇಲಿನದು ತಿಳಿ ಹಳದಿ, ಕೆಳಗಿನದು ಸೋಪು ಕದಡಿದಷ್ಟು ಮಬ್ಬು.

"ನೋಡಿ, ನೀರು!" ಎಂದೆ, ಕೇಸು ಗೆದ್ದವನಂತೆ.

"ಬರೀ ನೀರಲ್ಲ ಸಾರ್. ಪೆಟ್ರೋಲಿಗೆ ಕಂಪನಿಯವರೇ ಬೆರೆಸೋ ಎಥೆನಾಲ್ ಅನ್ನೋ ಆಲ್ಕೋಹಾಲೂ ಅದರ ಜೊತೆ ಕೆಳಗಿಳಿದಿದೆ."

ಹಿಂದೆ ಬರೀ ಪೆಟ್ರೋಲ್ ಇದ್ದಾಗ ನೀರು ಬಿದ್ದರೆ ಹನಿಹನಿಯಾಗಿ ತಳದಲ್ಲಿ ಬೇರೆಯೇ ಕೂರುತ್ತಿತ್ತು, ಬಸಿದು ಹಾಕಿದರೆ ಮುಗಿಯಿತು. ಎಥೆನಾಲ್ ಹಾಗಲ್ಲ, ಅದಕ್ಕೆ ಪೆಟ್ರೋಲೂ ಬೇಕು, ನೀರೂ ಬೇಕು. 10% ಎಥೆನಾಲ್ ಇರುವ ಪೆಟ್ರೋಲು 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಲೀಟರಿಗೆ ಸುಮಾರು 5 ಮಿಲಿಲೀಟರ್ ನೀರನ್ನು ಸದ್ದಿಲ್ಲದೆ ಕರಗಿಸಿಟ್ಟುಕೊಳ್ಳುತ್ತದೆ. ಅಷ್ಟರವರೆಗೆ ಗಾಡಿ ಓಡುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ಎಥೆನಾಲು ಪೆಟ್ರೋಲಿನ ಕೈ ಬಿಟ್ಟು ನೀರಿನ ಪಕ್ಷ ಸೇರುತ್ತದೆ. ಚಳಿಯಾದಷ್ಟೂ ಈ ಮಿತಿ ಇಳಿಯುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಕರಗಿಕೊಂಡಿದ್ದ ನೀರು ರಾತ್ರಿಯ ಚಳಿಗೆ ಬೇರೆಯಾಗಿತ್ತು, ಟ್ಯಾಂಕಿನ ಪೈಪು ಎಳೆದುಕೊಳ್ಳುವುದು ತಳದಿಂದಲೇ. ಬೆಳಿಗ್ಗೆ ನನ್ನ ಇಂಜಿನ್ನಿಗೆ ಸಿಕ್ಕಿದ್ದು ಆ ಮಬ್ಬು ಕಷಾಯ.

"ಮೇಲೆ ಎರಡು ಲೀಟರ್ ಹೊಸದು ಹಾಕಿಸಿದರೆ ಸರಿಹೋಗಲ್ವಾ?"

"ತಳದ್ದು ತಳದಲ್ಲೇ ಇರುತ್ತೆ. ಮೇಲಿನದಕ್ಕೂ ಜೀವ ಇಲ್ಲ, ಎಥೆನಾಲ್ ಹೋದ ಮೇಲೆ ಆಕ್ಟೇನ್, ಅಂದ್ರೆ ಇಂಜಿನ್ ಬಡಿಯದ ಹಾಗೆ ಉರಿಯೋ ಗುಣ, ಇಳಿದಿರುತ್ತೆ. ಎಲ್ಲಾ ಖಾಲಿ ಮಾಡಿ ತೊಳೀಬೇಕು."

ಹಾಗಾದರೆ ಬಂಕಿನವರನ್ನು ಬಿಡುವುದುಂಟೇ ಎಂದೆ. ಮೆಕ್ಯಾನಿಕ್ ಮಾತಾಡದೆ ಒಂದು ಕ್ಯಾನ್ ಪೆಟ್ರೋಲ್ ತಂದರು. ಅದೂ ಅದೇ ಬಂಕಿನದು, ಅದೇ ವಾರದ್ದು. ಅಳತೆ ಜಾಡಿಗೆ ಸುರಿದರೆ ಗಾಜಿನಷ್ಟು ತಿಳಿ. 90 ಮಿಲಿಲೀಟರ್ ಪೆಟ್ರೋಲಿಗೆ 10 ಮಿಲಿಲೀಟರ್ ನೀರು ಹಾಕಿ ಕುಲುಕಿ ಇಟ್ಟರು. ಕೆಳಗಿನ ಪದರ ಹತ್ತಕ್ಕೆ ನಿಲ್ಲದೆ ಹತ್ತೊಂಬತ್ತರ ಹತ್ತಿರಕ್ಕೆ ಏರಿತು. ಹೆಚ್ಚಿಗೆ ಬಂದ 9 ಮಿಲಿಲೀಟರ್ ಎಥೆನಾಲ್, ಅಂದರೆ ಪೆಟ್ರೋಲಿನ ಹತ್ತನೇ ಒಂದು ಪಾಲು. ಇದನ್ನೇ ವಿಡಿಯೋ ಮಾಡಿ "ಪೆಟ್ರೋಲಿಗೆ ನೀರು ಬೆರೆಸಿದ್ದಾರೆ" ಎಂದು ಕೂಗುವವರಿದ್ದಾರೆ. ಅವತ್ತು ಬೆಳಿಗ್ಗೆ ಯಾರಾದರೂ ತೋರಿಸಿದ್ದರೆ ನಾನೂ ಹತ್ತು ಜನಕ್ಕೆ ಕಳಿಸುತ್ತಿದ್ದೆ.

ಕೊನೆಗೆ ಅವರು ಟ್ಯಾಂಕಿನ ಮುಚ್ಚಳ ತೆಗೆದರು. ಬಾಯಿಯ ಸುತ್ತ ಒಂದು ಸಣ್ಣ ಕಾಲುವೆ, ಅದರಲ್ಲೊಂದು ತೂತು. ಮುಚ್ಚಳದ ಮೇಲೆ ಬಿದ್ದ ಮಳೆನೀರು ಅಲ್ಲಿಂದ ಪೈಪಿನಲ್ಲಿ ಇಳಿದು ನೆಲಕ್ಕೆ ಹೋಗಬೇಕು. ಇಷ್ಟು ವರ್ಷ ಗಾಡಿ ಒರೆಸಿದ್ದೇನೆ, ಒಂದು ದಿನವೂ ಅದರ ಕಡೆ ಕಣ್ಣು ಹೋಗಿರಲಿಲ್ಲ. ತೂತಿನಲ್ಲಿ ಕೆಸರು, ಅದರ ಮೇಲೆ ನಾನೇ ಉಜ್ಜಿದ ಪಾಲಿಶ್ ಗಟ್ಟಿಯಾಗಿ ಬಿರಡೆಯಂತೆ ಕೂತಿತ್ತು. ಮುಚ್ಚಳದ ರಬ್ಬರೂ ಸೀಳಿತ್ತು. ಕಾಲುವೆ ತುಂಬಿದ ನೀರಿಗೆ ಟ್ಯಾಂಕಿನೊಳಗೆ ಹೋಗದೆ ಬೇರೆ ದಾರಿ ಇರಲಿಲ್ಲ. ತೆಳು ತಂತಿ ತೂರಿಸಿ ತಿರುಗಿಸಿ, ನಾಲ್ಕು ಹನಿ ನೀರು ಬಿಟ್ಟರು. ಗಳಕ್ ಎಂದು ಸದ್ದಾಗಿ ಕೆಳಗೆ ನೆಲಕ್ಕೆ ತೊಟ್ಟಿಕ್ಕಿತು.

ಟ್ಯಾಂಕ್ ತೊಳೆದು, ಕಾರ್ಬೊರೇಟರಿನ ಬೌಲಿನಲ್ಲಿ ಹತ್ತಿದ್ದ ಬಿಳಿ ಪುಡಿ ಕೆರೆದು, ರಬ್ಬರ್ ಬದಲಾಯಿಸುವಷ್ಟರಲ್ಲಿ ಸಂಜೆಯಾಯಿತು. ಪೆಟ್ರೋಲ್ ಅದೇ ಬಂಕಿನಲ್ಲಿ ಹಾಕಿಸಿದೆ. ತಾಲೀಮು ಮಾಡಿದ್ದ ಒಂದು ಮಾತೂ ಬಾಯಿಗೆ ಬರಲಿಲ್ಲ.

ಬೈಕು ಈಗಲೂ ಹೊರಗೇ ನಿಲ್ಲುತ್ತದೆ. ಮಳೆ ಬಿಟ್ಟ ಮೇಲೆ ತಂತಿ ಹಿಡಿದು ಹೋಗುತ್ತೇನೆ, ಕೆಳಗೆ ತೊಟ್ಟಿಕ್ಕುವುದು ಕಂಡ ಮೇಲೇ ಕೀ ತಿರುಗಿಸುವುದು.